ಹಲಗೆಯ ಮೇಲೆ ಉಳಿದ ಬಿಲ್ಲೆ

ಅಂದು ಬೆಳಗ್ಗೆ ಮಂಜು ನದಿಯ ಮೇಲೆ ಬಂದು ಕೂತಿತ್ತು, ಏಳುವ ಮನಸ್ಸೇ ಇಲ್ಲದ ನೆಂಟನ ಹಾಗೆ. ಈ ದಡದಲ್ಲಿ ನಿಂತವರಿಗೆ ಆ ದಡ ಕಾಣುತ್ತಿರಲಿಲ್ಲ. ನೀರಿನ ಸದ್ದು ಮಾತ್ರ ಇತ್ತು. ಅದರ ಮೇಲೆ ಕಬ್ಬಿಣಕ್ಕೆ ಕಬ್ಬಿಣ ತಾಗುವ ಸದ್ದು, ಹಗ್ಗ ಎಳೆಯುವವರ ಏದುಸಿರು, ಎಲ್ಲಕ್ಕಿಂತ ಮೇಲೆ ಸೇತುವೆ ಮೇಸ್ತ್ರಿಯ ಗಂಟಲು.

“ಏಯ್ ಕಂಬ, ಹಗ್ಗ ಹಿಡಿದಿದ್ದೀಯೋ, ಹಗ್ಗಕ್ಕೆ ನೇತಾಡ್ತಿದ್ದೀಯೋ?”

“ಎರಡೂ, ಮೇಸ್ತ್ರಿ!” ಎಂದು ಮಂಜಿನೊಳಗಿಂದ ಉತ್ತರ ಬಂತು. ಕಂಬ ಎಂದರೆ ಆ ತುಕಡಿಯಲ್ಲೇ ಎತ್ತರದ ಆಳು.

ಅದು ಸೇನೆಯ ತೇಲುಸೇತುವೆ ಕಂಪನಿ. ಕಬ್ಬಿಣದ ದೋಣಿಗಳನ್ನು ಸಾಲಾಗಿ ನೀರಿಗಿಳಿಸಿ, ಒಂದಕ್ಕೊಂದು ಬಿಗಿದು, ಮೇಲೆ ಹಲಗೆ ಹಾಸಿ, ಸೈನ್ಯ ದಾಟುವಷ್ಟು ಹೊತ್ತು ನದಿಗೊಂದು ರಸ್ತೆ ಮಾಡಿಕೊಟ್ಟು, ಮತ್ತೆ ಎಲ್ಲವನ್ನೂ ಬಿಚ್ಚಿ ಹೊತ್ತುಕೊಂಡು ಹೋಗುವುದು ಅವರ ಕೆಲಸ. ಅಂದು ಅವರಿಗೆ ಪರೀಕ್ಷೆ. ಮುಂದೆ ಬರಲಿರುವ ಯುದ್ಧಗಳಿಗಾಗಿ ಸೇನೆಯನ್ನು ಹೊಸದಾಗಿ ಕಟ್ಟಲು ಒಂದು ಸಮಿತಿ ಕೂತಿತ್ತು. ಯಾವ ದಳ ಉಳಿಯಬೇಕು, ಯಾವುದು ಯಾವುದರೊಳಗೆ ಸೇರಬೇಕು, ಯಾವುದು ಪೂರಾ ಹೋಗಬೇಕು ಎಂದು ಅದು ನೋಡುತ್ತಿತ್ತು. ಆ ಸಮಿತಿಯ ಕಾರ್ಯದರ್ಶಿಯಾಗಿ ಬಂದಿದ್ದ ಮೇಜರ್ ಇದೇ ಕಂಪನಿಯಲ್ಲಿ ಹಗ್ಗ ಎಳೆದು ಬೆಳೆದವನು. ಆಗಲೂ ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡು ಓದುತ್ತಿದ್ದುದರಿಂದ ಇಲ್ಲಿ ಅವನ ಹೆಸರು ಪೆನ್ಸಿಲ್ ಎಂದೇ ಉಳಿದಿತ್ತು. ಈಜು ಕಲಿಸಿದವನು ಮೇಸ್ತ್ರಿ, ಗಂಟು ಹಾಕಲು ಕಲಿಸಿದವನು ಮೇಸ್ತ್ರಿ, ಕೊನೆಗೆ ತಂಗಿಯನ್ನು ಕೊಟ್ಟು ಮದುವೆ ಮಾಡಿದವನೂ ಅವನೇ. ಕವಾಯತಿನಲ್ಲಿ ಮೇಸ್ತ್ರಿ ಅವನಿಗೆ ಸೆಲ್ಯೂಟ್ ಹೊಡೆದು ‘ಸರ್’ ಎನ್ನುವನು. ಮನೆಯಲ್ಲಿ ಬೆನ್ನಿಗೆ ಗುದ್ದಿ ‘ಏನೋ ಪೆನ್ಸಿಲ್’ ಎನ್ನುವನು.

ಸೇತುವೆಯ ಈ ತುದಿಯಲ್ಲಿ ಮೊಳೆ ಹೊಡೆದ ಒಂದು ಹಲಗೆ ನಿಲ್ಲಿಸಿದ್ದರು. ಆ ಕಂಪನಿಯಲ್ಲಿ ಪ್ರತಿಯೊಬ್ಬನ ಬಳಿಯೂ ಅವನದೇ ಗುರುತಿನ ಒಂದು ಹಿತ್ತಾಳೆ ಬಿಲ್ಲೆ. ಆ ದಡಕ್ಕೆ ಹೋಗುವವನು, ಸೈನಿಕನಿರಲಿ ಸೇನಾಪತಿಯಿರಲಿ, ತನ್ನ ಬಿಲ್ಲೆಯನ್ನು ಮೇಸ್ತ್ರಿಗೆ ಕೊಟ್ಟು ಹೋಗಬೇಕು. ಹಿಂದಿರುಗಿ ಬಂದು ತನ್ನ ಕೈಯಾರೆ ಇಸಕೊಳ್ಳಬೇಕು. ಹಲಗೆಯ ಮೇಲೆ ಒಂದು ಬಿಲ್ಲೆ ನೇತಾಡುತ್ತಿದ್ದರೂ ಸೇತುವೆ ಬಿಚ್ಚುವಂತಿಲ್ಲ. ಯಾವುದೋ ಹಳೆಯ ಯುದ್ಧದಲ್ಲಿ ‘ಅವನು ಬಂದಿರಬಹುದು’ ಎಂದುಕೊಂಡು ಸೇತುವೆ ಎತ್ತಿದ್ದರಂತೆ, ಅವನು ಬಂದಿರಲಿಲ್ಲವಂತೆ. ಅಂದಿನಿಂದ ‘ಬಂದಿರಬಹುದು’ ಎಂಬ ಮಾತನ್ನು ಅಲ್ಲಿ ಯಾರೂ ಆಡುತ್ತಿರಲಿಲ್ಲ. ಮನುಷ್ಯನನ್ನು ಊಹೆಯಿಂದ ಎಣಿಸಬಾರದು. ಅವನನ್ನು ಸೃಷ್ಟಿಸಿದವನು ಊಹೆಯಿಂದ ಸೃಷ್ಟಿಸಿಲ್ಲ. ಮೇಸ್ತ್ರಿ ಇಷ್ಟು ದೊಡ್ಡ ಮಾತಾಡುವವನಲ್ಲ. “ಬಿಲ್ಲೆ ಇದ್ರೆ ಆಳು ಆ ಕಡೆ ಇದ್ದಾನೆ, ಮುಗೀತು” ಎನ್ನುವನು, ಅಷ್ಟೆ.

ಇದನ್ನು ಪೆನ್ಸಿಲ್‌ಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಹೊಸದಾಗಿ ಸೇರಿದ ವರ್ಷ ಅವನು ಆ ದಡದಲ್ಲಿ ಮರಳಿನ ಚೀಲಗಳ ಮರೆಯಲ್ಲಿ ನಿದ್ದೆ ಹೋಗಿದ್ದ. ಇಡೀ ಸೇತುವೆ ಅವನಿಗಾಗಿ ಕಾದು ನಿಂತಿತ್ತು. ಮೇಸ್ತ್ರಿ ಹುಡುಕಿ ಬಂದು, ಕಪಾಳಕ್ಕೊಂದು ಬಿಟ್ಟು, ಕೈಹಿಡಿದು ದಾಟಿಸಿ ತಂದು ಬಿಲ್ಲೆ ಕೊಟ್ಟಿದ್ದ.

ಅಂದು ಬೆಳಗ್ಗೆಯೂ ಮೇಜರ್ ಜೇಬಿನಿಂದ ಅದೇ ಹಳೆಯ ಬಿಲ್ಲೆ ತೆಗೆದು ಕೊಟ್ಟ.

“ಇನ್ನೂ ಇಟ್ಕೊಂಡಿದ್ದೀರಾ ಸರ್!” ಮೇಸ್ತ್ರಿ ಅದನ್ನು ಪ್ಯಾಂಟಿಗೆ ಒರೆಸಿ ಹೊಳಪು ನೋಡಿ ಮೊಳೆಗೆ ಹಾಕಿದ. ಆಮೇಲೆ ದನಿ ತಗ್ಗಿಸಿ, “ಹೋಗು, ಆ ಕಡೆಯಿಂದ ನೋಡು. ನಮ್ಮ ಸೇತುವೆ ಮದುಮಗಳ ಹಾಗೆ ಕಾಣ್ತಾಳೆ,” ಎಂದ.

ಮೇಜರ್ ನಗಲು ನೋಡಿದ. ನಗು ಬರಲಿಲ್ಲ, ಹುಟ್ಟಿನ ಪುಟ್ಟ ದೋಣಿಯಲ್ಲಿ ಆ ದಡಕ್ಕೆ ದಾಟಿದ.

ಹಿಂದಿನ ಸಂಜೆ ಅವನು ಮೇಸ್ತ್ರಿಯ ಮನೆಯಲ್ಲೇ ಊಟಕ್ಕೆ ಕೂತಿದ್ದ. ಅತ್ತಿಗೆ, ಎಂದರೆ ಮೇಸ್ತ್ರಿಯ ಹೆಂಡತಿ, ಬೇಡ ಬೇಡ ಎಂದರೂ ಬಿಡದೆ ಬಡಿಸಿದ್ದಳು. ಮೇಸ್ತ್ರಿ ಮನಸ್ಸು ಬಿಚ್ಚಿ ಮಾತಾಡಿದ್ದ. ದೋಣಿಗಳ ತಳ ಸವೆದಿದೆ. ಕಟ್ಟಲು ಶುರು ಮಾಡಿದರೆ ಮಧ್ಯಾಹ್ನವಾಗುತ್ತೆ. “ಬೇರೆ ಯಾರಾದ್ರೂ ಆಗಿದ್ರೆ ಇದೆಲ್ಲ ಹೇಳ್ತಿರ್ಲಿಲ್ಲ. ಸಮಿತೀಲಿ ನೀನಿದ್ದೀಯಲ್ಲ, ನಮ್ಮ ಕಂಪನಿಗೆ ಏನೂ ಆಗಲ್ಲ. ಇವಳಿಗೂ ಅದನ್ನೇ ಹೇಳ್ತಿದ್ದೆ.” ಅತ್ತಿಗೆ ತಲೆಯಾಡಿಸಿದ್ದಳು. ಆ ಹೊತ್ತಿಗೆ ಮೇಜರನ ಚೀಲದೊಳಗಿನ ವರದಿಯಲ್ಲಿ ‘ತೇಲುಸೇತುವೆ ಕಂಪನಿಯನ್ನು ವಿಸರ್ಜಿಸತಕ್ಕದ್ದು’ ಎಂಬ ಸಾಲು ಅವನದೇ ಅಕ್ಷರದಲ್ಲಿತ್ತು. ಹೇಳಬೇಕು ಎಂದು ಬಾಯಿ ತೆರೆದ. ತೆರೆದ ಬಾಯಿಗೆ ತುತ್ತು ಹೋಯಿತು. ತಟ್ಟೆ ಖಾಲಿಯಾಗುವವರೆಗೆ ಹಾಗೇ ಆಯಿತು.

ಈಗ ಆ ದಡದಲ್ಲಿ ಅವನು ಒಬ್ಬನೇ ನಿಂತಿದ್ದ. ಸಮಿತಿಯ ಅಧ್ಯಕ್ಷರಾದ ಬ್ರಿಗೇಡಿಯರ್ ನದಿ ದಾಟದೆ ಬೇಗನೆ ಹೊರಟು ಹೋಗಿದ್ದರು. ಮಧ್ಯಾಹ್ನಕ್ಕೆ ಸೇತುವೆ ಮುಗಿದಿತ್ತು. ಮಂಜು ಒಂದಿಷ್ಟು ಸರಿದು, ಹಲಗೆಗಳ ಸಾಲು ನೀರಿನ ಮೇಲೆ ಉಸಿರಾಡುವಂತೆ ಮೆಲ್ಲಗೆ ಏಳುತ್ತ ಇಳಿಯುತ್ತ ಕಂಡಿತು. ಮದುಮಗಳೇ ಸರಿ. ಆದರೆ ಅದನ್ನು ಕಟ್ಟುವಷ್ಟು ಹೊತ್ತೂ ಇಡೀ ಕಂಪನಿ ಬಯಲಿನಲ್ಲಿ ನಿಂತಿತ್ತು. ಮುಂದಿನ ಯುದ್ಧದಲ್ಲಿ ಆಕಾಶ ಅವರಿಗೆ ಅಷ್ಟು ಸಮಯ ಕೊಡುವುದಿಲ್ಲ. ಇದು ಅವನಿಗೆ ಗೊತ್ತಿತ್ತು, ಬರೆದದ್ದರಲ್ಲಿ ಸುಳ್ಳಿರಲಿಲ್ಲ. ಬಚ್ಚಿಟ್ಟದ್ದು ಮಾತ್ರ ಇತ್ತು.

ಆಗ ಸೇತುವೆಯ ಮೇಲೆ ಮೇಸ್ತ್ರಿ ಬರುತ್ತಿರುವುದು ಕಂಡಿತು. ಎರಡೂ ಕೈಯಲ್ಲಿ ಚಹಾದ ಲೋಟ. ಚೆಲ್ಲದ ಹಾಗೆ ಒಂದೊಂದೇ ಹೆಜ್ಜೆ. ಇನ್ನೇನು ಬಂದು ಒಂದನ್ನು ಇವನ ಕೈಗಿಟ್ಟು ‘ಹೇಗಿದೆ?’ ಎಂದು ಕೇಳುತ್ತಾನೆ. ಆ ಒಂದು ಪ್ರಶ್ನೆಯ ಮುಂದೆ ನಿಲ್ಲುವ ಶಕ್ತಿ ಮೇಜರನಿಗೆ ಇರಲಿಲ್ಲ. ನದಿಯ ಮೇಲೆ ಮಂಜು ಮತ್ತೆ ಮುಚ್ಚಿತು. ಅವನು ತಿರುಗಿ, ದೂರದ ಕಲ್ಲುಸೇತುವೆ ಬಳಸಿ ಬಂದು ರಸ್ತೆಯಲ್ಲಿ ನಿಂತಿದ್ದ ಸಮಿತಿಯ ಜೀಪು ಹತ್ತಿ, “ನಡಿ, ಕಲ್ಲುಸೇತುವೆ ಕಡೆಯಿಂದ ಹೋಗೋಣ,” ಎಂದ.

ಊರು ಸಮೀಪಿಸುವಾಗ ಕೈ ತಾನಾಗಿ ಜೇಬಿಗೆ ಹೋಯಿತು. ಬಿಲ್ಲೆ ಇರಲಿಲ್ಲ. ತಿರುಗಿಸು ಎನ್ನಬಹುದಿತ್ತು, ಡ್ರೈವರ್ ಹಿಂದಿರುಗಿ ನೋಡಿಯೂ ನೋಡಿದ. ಫೋನಿನಲ್ಲಿ ತಿಳಿಸೋಣವೆಂದರೆ, ಸೇತುವೆ ಬಿಚ್ಚುವವರೆಗೆ ಕಂಪನಿಯವರ ಫೋನುಗಳೆಲ್ಲ ಒಂದು ತಗಡಿನ ಪೆಟ್ಟಿಗೆಯಲ್ಲಿ ಬೀಗದೊಳಗಿದ್ದವು, ರೇಡಿಯೊ ಹಚ್ಚುವಂತಿರಲಿಲ್ಲ. ಮುಂದಿನ ಯುದ್ಧದಲ್ಲಿ ಸದ್ದು ಮಾಡಿದವನು ತನ್ನ ಜಾಗವನ್ನು ತಾನೇ ತೋರಿಸಿಕೊಟ್ಟಂತೆ ಎಂದು ಆ ನಿಯಮ ಬರೆದವನೂ ಇವನೇ. ಜೀಪಿನ ಸದ್ದು ಕೇಳಿರುತ್ತದೆ, ಹೋಗಿರಬಹುದು ಎಂದುಕೊಳ್ಳುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡ. ಹೇಳಿಕೊಳ್ಳುವಾಗಲೇ ಗೊತ್ತಿತ್ತು, ಅವರು ಅಂದುಕೊಳ್ಳುವುದಿಲ್ಲ.

ಆದರೂ ಜೀಪು ಮುಂದೆ ಹೋಯಿತು.

ಸಂಜೆ ಸ್ನಾನ ಮುಗಿಸಿ ಹೊರಗೆ ಬಂದಾಗ ಹೆಂಡತಿ ಬಟ್ಟೆ ಮಡಚುತ್ತಿದ್ದಳು. ಹೊರಗೆ ಮಳೆ ಹಿಡಿದಿತ್ತು.

“ರೀ, ಅಣ್ಣ ಫೋನ್ ಮಾಡಿದ್ದ.”

“ಏನಂದ?”

“ಏನೂ ಇಲ್ಲ. ‘ಅವನು ಮನೆಗೆ ಬಂದನಾ?’ ಅಂದ. ಬಂದಿದ್ದಾರೆ, ಸ್ನಾನಕ್ಕೆ ಹೋಗಿದ್ದಾರೆ ಅಂದೆ. ಆಮೇಲೆ ‘ಸರಿ ಬಿಡು’ ಅಂತ ಇಟ್ಟುಬಿಟ್ಟ. ದನಿ ಯಾಕೋ ಚೆನ್ನಾಗಿರ್ಲಿಲ್ಲ. ಏನಾದ್ರೂ ಜಗಳ ಆಡಿದ್ರಾ?”

ಮೇಜರ್ ಟವೆಲ್ಲನ್ನು ತಲೆಯ ಮೇಲೆ ಹಾಕಿಕೊಂಡು ಒರೆಸುತ್ತಲೇ ನಿಂತ. ತಲೆ ಒಣಗಿ ಎಷ್ಟೋ ಹೊತ್ತಾಗಿತ್ತು. ಮುಖ ತೋರಿಸುವುದು ಬೇಡವಾಗಿತ್ತು.

ಮರುದಿನ ಕಚೇರಿಯಲ್ಲಿ ಬ್ರಿಗೇಡಿಯರ್ ಎಲ್ಲ ಹೇಳಿದರು. ಮಧ್ಯಾಹ್ನದಿಂದ ಮೇಲ್ಗಡೆ ಮಳೆಯಾಗಿ ನದಿ ಏರಿತ್ತು. ಬಿಚ್ಚಬೇಕಾದ ಹೊತ್ತಿಗೆ ಕಂಪನಿ ಸೇತುವೆ ಬಿಚ್ಚಲಿಲ್ಲ. ಅರ್ಧ ಜನ ಆ ದಡದ ಪೊದೆಗಳಲ್ಲಿ ಏನನ್ನೋ ಹುಡುಕುತ್ತಿದ್ದರಂತೆ, ಇನ್ನರ್ಧ ಜನ ಹಗ್ಗ ಹಿಡಿದು ನಿಂತಿದ್ದರಂತೆ. ಸಂಜೆಗೆ ನಡುವಿನ ದೋಣಿಯೊಂದು ಕಿತ್ತುಕೊಂಡಿತು. ತಂತಿ ಹಗ್ಗ ಜಾರಿ ಮೇಸ್ತ್ರಿಯ ಬಲಗೈ ಸಿಕ್ಕಿಹಾಕಿಕೊಂಡಿತು. ಎರಡು ಬೆರಳು ಹೋದವು. ಆ ಸ್ಥಿತಿಯಲ್ಲೇ ಅವನು ಪೆಟ್ಟಿಗೆಯ ಬೀಗ ಒಡೆದು ಯಾರಿಗೋ ಫೋನ್ ಮಾಡಿದ. ಆಮೇಲೆ, ಉಳಿದದ್ದನ್ನು ಬಿಚ್ಚಿ ಎಂದ.

“ಯಾಕೆ ತಡ ಅಂತ ಕೇಳಿದ್ರೆ, ‘ನನ್ನ ಲೆಕ್ಕ ತಪ್ಪಿತು ಸರ್’ ಅಂತಾನೆ. ಅಷ್ಟೇ, ಇನ್ನೊಂದು ಮಾತಿಲ್ಲ.” ಬ್ರಿಗೇಡಿಯರ್ ಕೆಟ್ಟವರಲ್ಲ, ನಿಟ್ಟುಸಿರುಬಿಟ್ಟೇ ಹೇಳಿದರು. “ಪಾಪ ಅನ್ಸುತ್ತೆ. ಆದ್ರೆ ನಮ್ಮ ಕೆಲಸ ಸುಲಭ ಆಯ್ತು. ವಿಸರ್ಜನೆಯ ಆದೇಶಕ್ಕೆ ಕಾರಣ ಬೇಕಿತ್ತಲ್ಲ, ಬರ್ಕೊಳ್ಳಿ: ‘ನಿಗದಿತ ವೇಳೆಯಲ್ಲಿ ಸೇತುವೆ ಬಿಚ್ಚಲು ಕಂಪನಿ ಅಸಮರ್ಥವೆಂದು ಕಂಡುಬಂದುದರಿಂದ.’ ಕೊನೆಯ ಕವಾಯತಿನಲ್ಲಿ ಓದಿಸೋಣ.”

ಮೇಜರ್ ಕಿವಿಯ ಮೇಲಿನ ಪೆನ್ಸಿಲ್ ತೆಗೆದ. ಬರೆದ. ‘ಅಸಮರ್ಥ’ ಎಂದು ಬರೆಯುವಾಗ ಮೊನೆ ಮುರಿಯಿತು. ಚಾಕುವಿನಿಂದ ಕೆತ್ತಿಕೊಂಡು ಮತ್ತೆ ಬರೆದ.

ಆಸ್ಪತ್ರೆಗೆ ಹೋಗದೆ ಕೆಲವು ದಿನ ತಳ್ಳಿದ. ಹೆಂಡತಿ ದಿನವೂ ಹೋಗಿ ಬರುತ್ತಿದ್ದಳು. ಅಣ್ಣ ಅವಳಿಗೆ ಏನನ್ನೂ ಹೇಳಿರಲಿಲ್ಲ. ಆದರೆ ಅವಳು ಕೂಡಿಸಿ ಕಳೆಯಬಲ್ಲವಳು. ಒಂದು ಬೆಳಗ್ಗೆ ಅವನ ಅಂಗಿಗೆ ಇಸ್ತ್ರಿ ಹಾಕುತ್ತ ಕೇಳಿದಳು:

“ಅವತ್ತು ಅಣ್ಣ ಹುಡುಕ್ತಿದ್ದಿದ್ದು ನಿಮ್ಮನ್ನ, ಅಲ್ವಾ?”

ಅವನು ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟಿದ.

“ನಾನು ಫೋನಲ್ಲಿ ಸ್ನಾನ ಅಂದಿದ್ನಲ್ಲ ರೀ,” ಎಂದಳು ಅವಳು. “ನನ್ನ ಬಾಯಿಂದಲೇ ಅವನಿಗೆ ಗೊತ್ತಾಗಬೇಕಿತ್ತಾ?” ಇಸ್ತ್ರಿ ಪೆಟ್ಟಿಗೆ ಬದಿಗಿಟ್ಟು, ಅಂಗಿಯನ್ನು ಅವನ ಕೈಗೆ ಕೊಟ್ಟಳು. “ಹಾಕ್ಕೊಂಡು ಹೊರಡಿ. ಇವತ್ತು ನಾನೊಬ್ಬಳೇ ಹೋಗಲ್ಲ.”

ಆಸ್ಪತ್ರೆಯ ಕೋಣೆಯಲ್ಲಿ ಹಸಿರು ಬಣ್ಣದ ಕಬ್ಬಿಣದ ಮಂಚ, ಕಿಟಕಿಯಲ್ಲಿ ನೀರಿನ ಹೂಜಿ. ಅತ್ತಿಗೆ ಬಾಗಿಲಲ್ಲೇ ಎದುರಾದಳು.

“ಬಂದ್ರಾ ಸಾಹೇಬ್ರು? ಈ ಸಲ ಯಾವ ದಾರೀಲಿ ಬಂದ್ರಿ?”

“ಏ, ಸುಮ್ನಿರೇ,” ಎಂದ ಮೇಸ್ತ್ರಿ ಒಳಗಿನಿಂದ. ಬಲಗೈ ಬಟ್ಟೆಯ ದೊಡ್ಡ ಗಂಟಾಗಿತ್ತು. “ಬಾ ಕೂತ್ಕೋ. ನೋಡು, ಇನ್ನು ಮೇಲೆ ನಿಂಗೆ ಸೆಲ್ಯೂಟ್ ಹೊಡೆದ್ರೆ ಎರಡು ಕಮ್ಮಿನೇ.”

ಆ ತಮಾಷೆಗೆ ಯಾರೂ ನಗಲಿಲ್ಲ. ಮೇಜರ್ ಕೂರಲೂ ಇಲ್ಲ.

“ಭಾವ, ಅವತ್ತು ನೀವು ಚಹಾ ತರೋದು ನೋಡಿಯೇ ನಾನು ಜೀಪು ಹತ್ತಿದ್ದು.”

“ಎರಡೂ ಲೋಟ ನಾನೇ ಕುಡಿದೆ,” ಎಂದ ಮೇಸ್ತ್ರಿ. “ತಣ್ಣಗಾಗ್ತಿತ್ತು.”

“ಬಿಲ್ಲೆ ಬಿಟ್ಟು ಬಂದಿದ್ದು ದಾರೀಲೇ ಗೊತ್ತಾಯ್ತು. ಆದ್ರೂ ತಿರುಗಿ ಬರ್ಲಿಲ್ಲ. ಇನ್ನೊಂದು ಇದೆ. ನಿಮ್ಮ ಮನೇಲಿ ಊಟಕ್ಕೆ ಕೂತಾಗಲೇ ಕಂಪನಿ ಹೋಗಬೇಕು ಅಂತ ನಾನು ಬರೆದಾಗಿತ್ತು.”

ಕಿಟಕಿಯಾಚೆ ಯಾರೋ ಬಕೆಟ್ಟು ತೊಳೆಯುತ್ತಿದ್ದರು. ಆ ಸದ್ದು ನಿಲ್ಲುವವರೆಗೆ ಮೇಸ್ತ್ರಿ ಆ ಕಡೆಯೇ ನೋಡಿದ.

“ಎರಡನೇ ಸಲ ಅನ್ನ ಬಡಿಸ್ಕೊಂಡೆಯಲ್ಲೋ,” ಎಂದ ಕೊನೆಗೆ.

ಮೇಜರ್ ತಲೆ ತಗ್ಗಿಸಿದ.

“ಯಾಕೆ ಬರೆದೆ? ಸುಳ್ಳು ಹೇಳಬೇಡ.”

“ಮಧ್ಯಾಹ್ನದವರೆಗೆ ನದೀಲಿ ನಿಂತು ಕಟ್ಟೋಕೆ ಮುಂದಿನ ಯುದ್ಧದಲ್ಲಿ ಯಾರೂ ಬಿಡಲ್ಲ ಭಾವ. ಹದ್ದಿನಷ್ಟು ದೊಡ್ಡ ಯಂತ್ರಗಳು ಮೇಲೆ ಸುತ್ತುತಾ ಇರ್ತವೆ. ಹೊಸ ಗಾಡಿಗಳು ಬರ್ತಿವೆ, ತಾವೇ ನೀರಿಗಿಳಿದು ಸೇತುವೆ ಆಗ್ತವೆ. ನೀವೆಲ್ಲ ಹೋದ್ರೆ… ಯಾರೂ ವಾಪಸ್ ಬರಲ್ಲ. ಹಲಗೆ ತುಂಬ ಬಿಲ್ಲೆ ಉಳಿಯುತ್ತೆ.”

“ನಿಜಾನಾ ಇದು?”

“ನಿಜ.”

“ಹಾಗಾದ್ರೆ ಊಟಕ್ಕೆ ಕೂತಾಗ ಇದನ್ನೇ ಹೇಳೋಕೆ ಏನಾಗಿತ್ತು ನಿನಗೆ ಧಾಡಿ? ಬೈತಿದ್ದೆ. ತಟ್ಟೆ ಎಸೀತಿದ್ದೆ. ಆಮೇಲೆ ತಿಳ್ಕೊಳ್ತಿದ್ದೆ. ನಾನೇನು ಕಲ್ಲಾ?” ಮೇಸ್ತ್ರಿ ಗಂಟಾದ ಬಲಗೈಯನ್ನು ಎತ್ತಿ ತೋರಿಸಿದ. “ಬೆರಳಿಗೆ ನಂಗೆ ಬೇಜಾರಿಲ್ಲ, ಹಗ್ಗದ ಕೆಲಸದಲ್ಲಿ ಇದೆಲ್ಲ ಇದ್ದದ್ದೇ. ಕಂಬ ಎದೆವರೆಗೂ ನೀರಲ್ಲಿ ಇಳಿದು ನಿನ್ನನ್ನ ಕೂಗ್ತಿದ್ದ ಕಣೋ. ಪೊದೆ ಪೊದೆ ಕೋಲು ಹಾಕಿ ತಡಕಾಡಿದ್ರು, ಹೆಣ ಹುಡುಕೋ ಹಾಗೆ. ಅವರು ಅಸಮರ್ಥರು ಅಂತ ಓದ್ತಾರಂತೆ, ಕಚೇರಿಯಿಂದ ಬಂದವರು ಹೇಳಿದ್ರು. ಕಂಪನಿ ಹೋಗ್ಲಿ. ಆ ಮಾತು ಹೊತ್ಕೊಂಡು ಅವರು ಮನೆಗೆ ಹೋಗಬೇಕಾ?”

ಹೊರಡುವಾಗ ಅತ್ತಿಗೆ ಮುಖ ತಿರುಗಿಸಿಕೊಂಡಿದ್ದಳು. ಹೆಂಡತಿ ಅಣ್ಣನ ಕಾಲು ಒತ್ತುತ್ತ ಅಲ್ಲೇ ಉಳಿದಳು.

ಮೇಜರ್ ಅಲ್ಲಿಂದ ನೇರ ಬ್ರಿಗೇಡಿಯರರ ಕೋಣೆಗೆ ಹೋದ. ದಾರಿಯಲ್ಲಿ ದೇವರನ್ನು ಏನೂ ಕೇಳಲಿಲ್ಲ. ಕೇಳುವ ಹಕ್ಕು ಕೆಲವು ದಿನಗಳ ಮಟ್ಟಿಗೆ ತನಗಿಲ್ಲ ಎನಿಸಿತ್ತು. ಬಾಗಿಲಲ್ಲಿ ನಿಂತಾಗ ಮಾತ್ರ ‘ಈ ಸಲ ಬಾಯಿಗೆ ತುತ್ತು ಹೋಗದಿರಲಿ’ ಎಂದುಕೊಂಡ. ನಿಂತೇ ಎಲ್ಲ ಹೇಳಿದ, ಲೋಟಗಳಿಂದ ಹಿಡಿದು ಸ್ನಾನದವರೆಗೆ.

ಬ್ರಿಗೇಡಿಯರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಇದರಿಂದ ನಿರ್ಧಾರ ಬದಲಾಗಲ್ಲ. ಗೊತ್ತಲ್ಲ?”

“ನಿರ್ಧಾರ ಸರಿಯಾಗಿದೆ ಸರ್. ಕಾರಣ ಬದಲಾಗಬೇಕು.”

“ಹೊಸ ಸೇತುವೆ ದಳಕ್ಕೆ ಮುಖ್ಯಸ್ಥರಾಗಿ ನಿಮ್ಮ ಹೆಸರು ಮೇಲಕ್ಕೆ ಹೋಗಿದೆ. ಇದು ಕಾಗದಕ್ಕೆ ಬಂದ್ರೆ…”

“ಬರಲಿ ಸರ್.”

ಬ್ರಿಗೇಡಿಯರ್ ಮುಖ ಎತ್ತಿ ಅವನನ್ನು ನೋಡಿದರು. ಕೋಪವಿತ್ತು, ಅದರ ಅಡಿಯಲ್ಲಿ ಇನ್ನೇನೋ ಇತ್ತು. ಕಡತವನ್ನು ಮೇಜಿನ ಮೇಲೆ ಇವನ ಕಡೆಗೆ ತಳ್ಳಿ, “ಪೆನ್ಸಿಲಲ್ಲಿ ಬೇಡ. ಪೆನ್ನಲ್ಲಿ ಬರೀರಿ,” ಎಂದರು.

ಕೊನೆಯ ಕವಾಯತಿನ ದಿನ ಬಿಸಿಲು ತೊಳೆದಿಟ್ಟಂತಿತ್ತು. ಈ ದಡದಲ್ಲಿ ಕಂಪನಿ ಸಾಲಾಗಿ ನಿಂತಿತ್ತು. ಎಲ್ಲ ದೋಣಿಗಳನ್ನೂ ಲಾರಿಗೆ ಏರಿಸಿಯಾಗಿತ್ತು, ಒಂದನ್ನು ಬಿಟ್ಟು. ದಡಕ್ಕೆ ಕಟ್ಟಿದ ಮೊದಲ ದೋಣಿಯನ್ನು ಮೇಸ್ತ್ರಿ ಬಿಚ್ಚಲು ಬಿಟ್ಟಿರಲಿಲ್ಲ. ನದಿ ಏರಿದ ಸಂಜೆ ಪ್ರಾಣದ ಮೇಲೆ ಬಂದುದರಿಂದ ಉಳಿದದ್ದನ್ನು ಬಿಚ್ಚಿದ್ದಾಯಿತು. ಇದನ್ನು ಯಾಕೆ ಬಿಟ್ಟಿದ್ದು ಎಂದು ಉಗ್ರಾಣದವರು ಬಂದು ಕೇಳಿದರೆ ಬಿಲ್ಲೆಯ ಹಲಗೆಯ ಕಡೆ ಗದ್ದ ಎತ್ತಿ ತೋರಿಸುವನು. ಅಲ್ಲಿ ಒಂದು ಬಿಲ್ಲೆ ಇತ್ತು. ಆಳು ಮನೆಯಲ್ಲಿ ಕ್ಷೇಮವಾಗಿದ್ದಾನೆಂದು ಎಲ್ಲರಿಗೂ ಗೊತ್ತು. ಆದರೆ ಅವನು ಹಿಂದಿರುಗಿ ಬಂದು ಇಸಕೊಂಡಿರಲಿಲ್ಲವಲ್ಲ.

ಮೇಜರ್ ಅಂದು ಕಲ್ಲುಸೇತುವೆಯ ದಾರಿ ಹಿಡಿದು, ಬಳಸಿಕೊಂಡು ಆ ದಡಕ್ಕೆ ಬಂದಿದ್ದ. ಒಬ್ಬನೇ. ಜೀಪು ನಿಂತಿದ್ದ ಜಾಗದಲ್ಲೇ ನಿಂತಿದ್ದ. ಬ್ರಿಗೇಡಿಯರ್ ಆದೇಶ ಓದುವುದು ನೀರಿನ ಮೇಲೆ ತುಂಡುತುಂಡಾಗಿ ತೇಲಿಬರುತ್ತಿತ್ತು. “…ಬದಲಾದ ಯುದ್ಧದ ರೀತಿಯಿಂದಾಗಿ…” ಗಾಳಿ ಅಷ್ಟನ್ನು ತಂದು, ನಡುವಿನದನ್ನು ಬಿಟ್ಟು, ಮತ್ತೆ ತಂದಿತು. “…ಅಂದಿನ ವಿಳಂಬ ಒಬ್ಬ ಅಧಿಕಾರಿಯ ತಪ್ಪಿನಿಂದ ಆದದ್ದು. ಕಂಪನಿ ತನ್ನ ನಿಯಮವನ್ನು ಪೂರ್ತಿಯಾಗಿ ಪಾಲಿಸಿತು…” ಆಮೇಲೆ ತನ್ನ ಹೆಸರು, ಹುದ್ದೆ. ಅದನ್ನು ಮಾತ್ರ ಗಾಳಿ ಒಂದಕ್ಷರವೂ ಬಿಡದೆ ತಂದುಕೊಟ್ಟಿತು. ಮೇಜರ್ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಸಾಲು ಮುರಿಯಿತು. ಒಬ್ಬೊಬ್ಬರೇ ಹೋಗಿ ಮೇಸ್ತ್ರಿಯ ಕೈ ಮುಟ್ಟಿ ಬರುತ್ತಿದ್ದರು. ಆಗ ಕಂಬ, ಎತ್ತರದವನಾದ್ದರಿಂದ ಮೊದಲು ನೋಡಿದವನು, ಏನೋ ಹೇಳಿದ. ಎಲ್ಲರೂ ಮೇಜರ್ ನಿಂತಿದ್ದ ಕಡೆ ತಿರುಗಿದರು. ಮೇಸ್ತ್ರಿ ಎಡಗೈಯನ್ನು ಹುಬ್ಬಿಗೆ ಅಡ್ಡ ಹಿಡಿದು ನೋಡಿದ. ಯಾರೂ ಕೂಗಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಒಂದು ಹುಟ್ಟಿನ ಪುಟ್ಟ ದೋಣಿ ಕಂಪನಿ ನಿಂತಿದ್ದ ದಡ ಬಿಟ್ಟು ಅವನ ಕಡೆ ಬಂತು.

ಹುಟ್ಟು ಹಾಕುತ್ತಿದ್ದವನು ಕಂಬ. ಮೇಜರ್ ಹತ್ತಿ ಕೂತ. ದೋಣಿ ನಡು ನದಿಗೆ ಬಂತು.

“ಅವತ್ತು ಗಂಟಲು ಕಟ್ಟಿಹೋಯ್ತು ಸರ್, ನಿಮ್ಮನ್ನ ಕೂಗಿ ಕೂಗಿ,” ಎಂದ ಕಂಬ ಹುಟ್ಟು ನಿಲ್ಲಿಸದೆ. “ಇನ್ನೂ ಸರಿ ಹೋಗಿಲ್ಲ.”

“ಕೇಳಿಸ್ತಿದೆ,” ಎಂದ ಮೇಜರ್. “ತಪ್ಪಾಯ್ತು ಕಣಪ್ಪ.”

ಕಂಬ ತಲೆಯಾಡಿಸಿದ. ಕ್ಷಮಿಸಿದೆನೆಂದೂ ಅಲ್ಲ, ಇಲ್ಲವೆಂದೂ ಅಲ್ಲ, ಕೇಳಿಸಿತು ಎಂಬಷ್ಟೇ.

ದಡದಲ್ಲಿ ಜನ ಎರಡು ಪಾಲಾಗಿ ದಾರಿ ಬಿಟ್ಟರು. ಯಾರೂ ಸೆಲ್ಯೂಟ್ ಹೊಡೆಯಲಿಲ್ಲ, ಯಾರೂ ಉಗುಳಲೂ ಇಲ್ಲ. ಅತ್ತಿಗೆ ಲಾರಿಯ ನೆರಳಲ್ಲಿ ನಾದಿನಿಯ ಪಕ್ಕ ನಿಂತಿದ್ದಳು. ಮೇಜರ್ ಒದ್ದೆ ಬೂಟಿನಲ್ಲಿ ನಡೆದು ಹಲಗೆಯ ಮುಂದೆ ಬಂದು ನಿಂತ.

“ಬಂದಿದ್ದೀನಿ ಮೇಸ್ತ್ರಿ,” ಎಂದ.

ಮೇಸ್ತ್ರಿ ಅವನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದ, ಎಣಿಸುವವನ ಹಾಗೆ. ಆಮೇಲೆ ತಿರುಗಿ, ಅಭ್ಯಾಸವಿಲ್ಲದ ಎಡಗೈಯಿಂದ ಮೊಳೆಯ ಮೇಲಿನ ಬಿಲ್ಲೆಯನ್ನು ತೆಗೆಯಲು ನೋಡಿದ. ಅದು ಜಾರಿತು, ಮತ್ತೆ ಹಿಡಿದ. ಪ್ಯಾಂಟಿಗೆ ಒರೆಸಿದ. ಮೇಜರನ ಅಂಗೈ ಬಿಡಿಸಿ, ಬಿಸಿಲಿಗೆ ಬೆಚ್ಚಗಾಗಿದ್ದ ಬಿಲ್ಲೆಯನ್ನು ಅದರಲ್ಲಿಟ್ಟು, ಬೆರಳುಗಳನ್ನು ಮಡಚಿದ.